ಮದ್ರಾಸಿನ ಕಾಗದ

ಗುರುವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಸರ್ವೆಯರ್ ದೇವರಾಜು ಫೋನ್ ಮಾಡಿ, ಮುದ್ದನಪಾಳ್ಯದ ನಲವತ್ತೊಂದು ಮತ್ತು ನಲವತ್ತೆರಡನೇ ಸರ್ವೆ ನಂಬರುಗಳ ಗಡಿ ಗುರುತಿಸಲು ಹತ್ತೂವರೆಗೆ ಬರುವುದಾಗಿ ತಿಳಿಸಿದ.

ಫೋನ್ ಎತ್ತಿದವನು ನಟರಾಜು. ಯಳಂದೂರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ವಯಸ್ಸು ಐವತ್ತೇಳು, ನಿವೃತ್ತಿಗೆ ಎರಡು ವರ್ಷ ಎಂಟು ತಿಂಗಳು ಬಾಕಿ. ಪಾಠದ ಜೊತೆಗೆ ಮತದಾರರ ಪಟ್ಟಿ, ಮನೆಮನೆ ಸಮೀಕ್ಷೆ ಎಂದು ಊರೂರು ತಿರುಗಿ ಅವನ ಎರಡು ಮಂಡಿಯೂ ಸವೆದಿದ್ದವು. "ಆಗಲಿ ಸಾರ್, ಬನ್ನಿ" ಎಂದು ಹೇಳಿ, ಶಾಲೆಗೆ ಅರ್ಧ ದಿನದ ರಜೆ ತಿಳಿಸಿ, ಜಗುಲಿಯ ಮೇಲೆ ಕೂತ. ಕೂತವನಿಗೆ ಏಳುವ ಮನಸ್ಸು ಬರಲಿಲ್ಲ.

ನಲವತ್ತೊಂದನೇ ನಂಬರು ಅವನ ಅಪ್ಪ ದೊಡ್ಡಮಾದಯ್ಯನ ಹೆಸರಿನಲ್ಲಿದೆ. ಪಹಣಿಯ ಪ್ರಕಾರ ಮೂರು ಎಕರೆ ಮೂವತ್ತು ಗುಂಟೆ. ಅದರ ಪಶ್ಚಿಮಕ್ಕೆ ಅಂಟಿಕೊಂಡಿರುವ ನಲವತ್ತೆರಡು ಶಿವಕುಮಾರಸ್ವಾಮಿಯವರದು, ಏಳು ಎಕರೆ ಮೂವತ್ತೈದು ಗುಂಟೆ. ಸ್ವಾಮಿಯವರ ಮಗ ಗುರುಪ್ರಕಾಶ್ ಕೊಳ್ಳೇಗಾಲದಲ್ಲಿ ತೆಂಗಿನಕಾಯಿ ಮಂಡಿ ಇಟ್ಟವನು. ಹೋದ ವರ್ಷ ಜಮೀನಿಗೆ ತಂತಿಬೇಲಿ ಹಾಕಿಸಲು ಟೇಪು ಹಿಡಿಸಿದಾಗ ಇಪ್ಪತ್ತೊಂದು ಗುಂಟೆ ಕಡಿಮೆ ಬಂತು. ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ರಸ್ತೆ, ಪಶ್ಚಿಮಕ್ಕೆ ಕಾಲುವೆ. ಹಳ್ಳವಾಗಲಿ ರಸ್ತೆಯಾಗಲಿ ನೆಲ ಕದಿಯುವುದಿಲ್ಲ. ಪೂರ್ವಕ್ಕಿದ್ದವನು ಮಾದಯ್ಯ. ಗಡಿ ಗುರುತಿಸಿ ಕೊಡಿ ಎಂದು ಗುರುಪ್ರಕಾಶ್ ಹದ್ದುಬಸ್ತಿಗೆ ಅರ್ಜಿ ಹಾಕಿದ.

ಆ ಇಪ್ಪತ್ತೊಂದು ಗುಂಟೆಯನ್ನು ಪೂರ್ವದಿಂದ ಅಳೆದುಕೊಟ್ಟರೆ ಗಡಿಯುದ್ದಕ್ಕೂ ಐವತ್ತೇಳು ಅಡಿ ಅಗಲದ ಪಟ್ಟಿ ಹೋಗುತ್ತದೆ. ಆ ಪಟ್ಟಿಯೊಳಗೆ ಪ್ರೇಮಳ ಹುಳುಮನೆ ಇದೆ.

ಪ್ರೇಮಾ ನಟರಾಜುವಿನ ತಂಗಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಒಂಬತ್ತು ವರ್ಷದಿಂದ ರೇಷ್ಮೆ ಸಾಕುತ್ತಿದ್ದಾಳೆ. ಮೊದಲ ಏಳು ವರ್ಷ ವಾಸದ ಮನೆಯ ನಡುವಿನಲ್ಲೇ ತಟ್ಟೆ ಜೋಡಿಸಿ, ಹುಳುವಿನ ಜೊತೆ ಉಂಡು, ಹುಳುವಿನ ಜೊತೆ ಮಲಗಿದವಳು. ಎರಡು ವರ್ಷದ ಹಿಂದೆ ಇಲಾಖೆಯ ಸಹಾಯಧನ ಸೇರಿಸಿಕೊಂಡು ಐವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಹುಳುಮನೆ ಕಟ್ಟಿಸಿದಳು. ಈಗ ಹುಳು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿತ್ತು. ಇನ್ನು ನಾಲ್ಕೈದು ದಿನ ಹೊತ್ತು ಹೊತ್ತಿಗೆ ಸೊಪ್ಪು ಬಿದ್ದರೆ ಹಣ್ಣಾಗಿ ಗೂಡು ಕಟ್ಟಲು ಏರುತ್ತದೆ.

"ಅಣ್ಣ, ಕಲ್ಲು ನನ್ ಹುಳುಮನೆ ಒಳಕ್ಕೆ ಬಿದ್ರೆ?" ಎಂದು ಅವಳು ಬೆಳಿಗ್ಗೆಯಿಂದ ಮೂರನೇ ಸಲ ಕೇಳಿದಳು. ಸೊಪ್ಪಿನ ಹೊರೆ ಇನ್ನೂ ತಲೆಯ ಮೇಲೆಯೇ ಇತ್ತು.

"ಬೀಳಲಿ, ಆಮೇಲೆ ನೋಡಾದು."

"ಬಿದ್ಮೇಲೆ ನೋಡಕೆ ಅದೇನ್ ಮದುವೆ ಗಂಡಾ?"

ನಟರಾಜು ನಗಲಿಲ್ಲ. ಈ ಜಗಳ ಅವನಿಗಿಂತ ಸ್ವಲ್ಪ ಚಿಕ್ಕದು, ಅಷ್ಟೆ. ಅವನು ಆರು ವರ್ಷದವನಿದ್ದಾಗ ಅಪ್ಪ ಹಗ್ಗ ಹಿಡಿದು ತನ್ನ ಜಮೀನು ತಾನೇ ಅಳೆದು, ಹದಿನೆಂಟು ಗುಂಟೆ ಕಡಿಮೆ ಇದೆ ಎಂದು ಕಂಡುಕೊಂಡಿದ್ದ. ಪಕ್ಕದವರು ಕಲ್ಲು ಕಿತ್ತು ನೆಟ್ಟಿದ್ದಾರೆ ಎಂದು ಅಂದೇ ತೀರ್ಮಾನವಾಯಿತು. ಅಂದಿನಿಂದ ಐವತ್ತೊಂದು ವರ್ಷ ಮಾದಯ್ಯ ಸ್ವಾಮಿಯವರ ಮನೆಯ ಮುಂದೆ ಹಾಯುವಾಗಲೆಲ್ಲ ಕ್ಯಾಕರಿಸಿ ಉಗಿದುಕೊಂಡೇ ಹೋಗುತ್ತಿದ್ದ. ಅವರ ಕಾಲುವೆಯಿಂದ ಇವರ ಗದ್ದೆಗೆ ನೀರು ಬಿಡುವುದು ನಿಂತುಹೋಗಿತ್ತು. ಈಗ ಆ ಕಡೆಯವರೂ ತಮಗೆ ಕಡಿಮೆ ಎನ್ನುತ್ತಿದ್ದಾರೆ.

"ಅವ್ರಿಗೂ ಕಮ್ಮಿ, ನಮಗೂ ಕಮ್ಮಿ ಅಂದ್ರೆ, ಮಧ್ಯದಲ್ಲಿ ಯಾರಣ್ಣ ತಿಂದೋರು?" ಎಂದಳು ಪ್ರೇಮಾ.

ಒಳಗಿನಿಂದ ಮಾದಯ್ಯನ ದನಿ ಬಂತು. ಎಂಬತ್ತಮೂರು ವಯಸ್ಸಿನ ಮುದುಕನಿಗೆ ಕಣ್ಣು ಮಂಜು, ಕಿವಿ ಚುರುಕು. "ಅವ್ರೇ ತಿಂದು ಅವ್ರೇ ಅಳ್ತಾವ್ರೆ ಕಣವ್ವ. ಬರ್ಲಿ ಆ ಸರ್ವೇರು. ನನ್ತವು ಮದ್ರಾಸಿನ ಕಾಗದ ಅದೆ."

ಮದ್ರಾಸಿನ ಕಾಗದ ಎಂದರೆ ನಟರಾಜುವಿನ ಅಜ್ಜ ಪುಟ್ಟಸಿದ್ದಯ್ಯನ ಕಾಲದ್ದು. ಬಿದಿರಿನ ಕೊಳವೆಯಲ್ಲಿ ಸುರುಳಿ ಸುತ್ತಿ ಅಟ್ಟದ ಮೇಲೆ ಇಟ್ಟದ್ದು. ಅದನ್ನು ಓದಲು ಕೊಡು ಎಂದು ನಟರಾಜು ಮೂವತ್ತು ವರ್ಷದಲ್ಲಿ ನಾಲ್ಕೈದು ಸಲ ಕೇಳಿದ್ದ. ಪ್ರತಿ ಸಲವೂ ಅಪ್ಪನ ಉತ್ತರ ಒಂದೇ: ಕೋರ್ಟಿನಲ್ಲಿ ಮಾತ್ರ ಬಿಚ್ಚಬೇಕು, ಸುಮ್ಮಸುಮ್ಮನೆ ಬಿಚ್ಚಿದರೆ ಕಾಗದದ ಬಲ ಹೋಗುತ್ತದೆ. ಆಯುಧಪೂಜೆಯ ದಿನ ಮಾತ್ರ ಸುರುಳಿಯನ್ನು ಹೊರಗೆ ತೆಗೆದು, ಬಿಚ್ಚದೆಯೇ ಅರಿಶಿನ ಕುಂಕುಮ ಹಚ್ಚಿ, ಕುಡುಗೋಲು ಗುದ್ದಲಿಯ ಪಕ್ಕ ಇಟ್ಟು, ಮತ್ತೆ ಕೊಳವೆಗೆ ತುಂಬುತ್ತಿದ್ದರು.

ದೇವರಾಜು ಬಂದಾಗ ಹನ್ನೊಂದೂ ಇಪ್ಪತ್ತು. ತಿಪಟೂರು ಕಡೆಯ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ. ಬೈಕಿನ ಹಿಂದೆ ಕೋಲಿನಂಥ ಯಂತ್ರ ಕಟ್ಟಿಕೊಂಡಿದ್ದ. ಅದನ್ನು ಗಡಿಯ ಮೂಲೆ ಮೂಲೆಗೆ ಊರಿ ನಿಲ್ಲಿಸಿದರೆ ಆಕಾಶದ ಉಪಗ್ರಹ ನೋಡಿ ಅಳತೆ ಹೇಳುತ್ತದೆ. ಗುರುಪ್ರಕಾಶ್ ಕಾರಿನಲ್ಲಿ ಅಪ್ಪನನ್ನು ಕರೆತಂದಿದ್ದ. ಎಂಬತ್ತೊಂದರ ಶಿವಕುಮಾರಸ್ವಾಮಿ ಊರುಗೋಲು ಹಿಡಿದು ಹೊಂಗೆಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡರು. ಅವರಿಂದ ಹತ್ತು ಮಾರು ದೂರದಲ್ಲಿ ಮಾದಯ್ಯ ನೆಲದ ಮೇಲೆ ಕೂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಳತೆ ಎರಡು ತಾಸು ನಡೆಯಿತು. ಹಳೆಯ ಕಲ್ಲುಗಳು ಐದು ಸಿಕ್ಕವು, ಒಂದನ್ನು ಕಳ್ಳಿಯ ಬೇಲಿಯ ಬುಡದಿಂದ ಬಗೆದು ತೆಗೆಯಬೇಕಾಯಿತು. ಹುಳುಮನೆಯೊಳಗೆ ಒಂದು ಗುರುತು ತೆಗೆದುಕೊಳ್ಳಬೇಕು ಎಂದು ದೇವರಾಜು ಬಾಗಿಲಿಗೆ ಹೋದಾಗ ಪ್ರೇಮಾ ಅಡ್ಡ ನಿಂತಳು.

"ಒಳಕ್ಕೆ ಯಾರೂ ಬರಂಗಿಲ್ಲ ಸಾ. ಕಾಲ್ಗೆ ಸುಣ್ಣದ್ ಪುಡಿ ತುಳ್ದು, ಕೈ ತೊಳ್ದು ಬನ್ನಿ. ಬೀಡಿ ಗೀಡಿ ಸೇದಿದ್ರೆ ಅದೂ ಬ್ಯಾಡ."

"ನಾನು ಸರ್ಕಾರಿ ನೌಕರ ಕಣಮ್ಮಾ."

"ಹುಳೂಗೆ ಗೊತ್ತಾಯ್ತದಾ ಸಾ ಅದು?"

ದೇವರಾಜು ಸುಣ್ಣದ ಪುಡಿ ತುಳಿದು, ಕೈ ತೊಳೆದು, ಆಮೇಲೂ ಒಳಗೆ ಹೋಗುವ ಧೈರ್ಯ ಬಾರದೆ ಹೊರಗಿನಿಂದಲೇ ಗುರುತು ತೆಗೆದುಕೊಂಡ.

ಒಂದೂವರೆಗೆ ಅವನು ಲೆಕ್ಕ ಹೇಳಿದ. ಹಳೆಯ ಕಲ್ಲುಗಳ ಒಳಗೆ ನಲವತ್ತೆರಡನೇ ನಂಬರು ಏಳು ಎಕರೆ ಹದಿನಾಲ್ಕು ಗುಂಟೆ. ಪಹಣಿಗಿಂತ ಇಪ್ಪತ್ತೊಂದು ಗುಂಟೆ ಕಡಿಮೆ. ನಲವತ್ತೊಂದನೇ ನಂಬರು ಮೂರು ಎಕರೆ ಹನ್ನೆರಡು ಗುಂಟೆ. ಪಹಣಿಗಿಂತ ಹದಿನೆಂಟು ಕಡಿಮೆ.

"ನೋಡಿದ್ಯಾ?" ಎಂದು ಗುರುಪ್ರಕಾಶ್ ಮತ್ತು ಮಾದಯ್ಯ ಒಟ್ಟಿಗೆ ಹೇಳಿದರು.

ದೇವರಾಜು ಹಣೆ ಉಜ್ಜಿಕೊಂಡ. "ಈ ಊರಿನ ಹಳೇ ನಕ್ಷೆ ಕಡತದಲ್ಲಿ ಸಿಕ್ಕಿಲ್ಲ ಸಾರ್. ನನ್ನ ಹತ್ತಿರ ಇರೋದು ಪಹಣಿ ಒಂದೇ. ಅರ್ಜಿ ಹಾಕಿದೋರ ವಿಸ್ತೀರ್ಣ ಪಹಣಿಯಂತೆ ತುಂಬಿಸಿಕೊಡು ಅಂದ್ರೆ ಗೆರೆ ಇಲ್ಲಿ ಬರುತ್ತೆ." ಕೈಯಲ್ಲಿದ್ದ ಗೂಟವನ್ನು ತೋರಿಸಿದ. ಗೆರೆ ಹುಳುಮನೆಯ ಮೂಡಲ ಗೋಡೆಯನ್ನೂ ದಾಟಿ ಆರು ಅಡಿ ಆಚೆ ಹೋಗುತ್ತಿತ್ತು.

ಪ್ರೇಮಾ ಸೊಪ್ಪು ಕತ್ತರಿಸುವ ಕತ್ತಿ ಹಿಡಿದೇ ಹೊರಗೆ ಬಂದಳು. "ನೆಡಿ ಸಾ ಗೂಟ. ನೆಟ್ಟು ಇಲ್ಲೇ ಕಾಯ್ಕಂಡು ಕೂತ್ಕಳಿ, ಹಣ್ಣಾದ್ ಹುಳ ಎತ್ತೋಕೆ ನಾಕು ಆಳು ಬೇಕು ನಂಗೆ."

"ಪ್ರೇಮಾ, ಕತ್ತಿ ಇಡು" ಎಂದ ನಟರಾಜು.

ಅಷ್ಟರಲ್ಲಿ ಮಾದಯ್ಯ ಎದ್ದು ಬಂದ. ಎರಡೂ ಕೈಯಲ್ಲಿ ಬಿದಿರ ಕೊಳವೆ ಹಿಡಿದು ದೇವರಾಜುವಿನ ಮುಂದೆ ಚಾಚಿದ. "ತಕಳಿ ಸಾ. ಇದು ಮದ್ರಾಸ್ ಸರ್ಕಾರ ನಮ್ಮಪ್ಪಂಗೆ ಕೊಟ್ಟದ್ದು. ಇದ್ರಲ್ಲಿ ಎಲ್ಲಾನೂ ಅದೆ. ಓದಿ, ಕಳ್ಳರ್ ಯಾರು ಅಂತ ಇವತ್ತು ಗೊತ್ತಾಗ್ಲಿ."

ದೇವರಾಜು ಸುರುಳಿಯನ್ನು ಬೈಕಿನ ಸೀಟಿನ ಮೇಲೆ ಬಿಚ್ಚಿದ. ಕೆಂಪಗೆ ಬಾಡಿದ ದಪ್ಪ ಕಾಗದ, ಶಾಯಿ ಕಂದಿದೆ. "ಇದು ತಮಿಳು" ಎಂದ. ಅಂಕಿಗಳು ಮಾತ್ರ ಇಂಗ್ಲಿಷಿನವು.

"ಮೇಷ್ಟ್ರು ಓದ್ತಾರೆ" ಎಂದರು ಸ್ವಾಮಿಯವರು ಕುರ್ಚಿಯಿಂದಲೇ. ಅದು ನಿಜ. ನಟರಾಜುವಿನ ತಾಯಿಯ ತವರು ಹನೂರಿನ ಆಚೆ, ಆ ಊರಿನಲ್ಲಿ ಮನೆಗೆ ಎರಡು ಮಾತು, ಕನ್ನಡ ಮತ್ತು ತಮಿಳು. ಬೇಸಿಗೆ ರಜೆಯಲ್ಲಿ ಸೋದರಮಾವನ ಅಂಗಡಿಯಲ್ಲಿ ಕೂತು ಅವನು ತಮಿಳು ಅಕ್ಷರ ಕಲಿತಿದ್ದ.

ಅದು ಗ್ರಾಮದ ಲೆಕ್ಕದ ಪುಸ್ತಕದ ಒಂದು ಹಾಳೆಯ ನಕಲು. ಮೇಲೆ ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು, ಮುದ್ದನಪಾಳ್ಯ ಎಂದಿತ್ತು. ಫಸಲಿ ಸಾವಿರದ ಮುನ್ನೂರ ಐವತ್ತೆಂಟು, ಅಂದರೆ ನಲವತ್ತೆಂಟು ನಲವತ್ತೊಂಬತ್ತನೇ ಇಸವಿ. ಕೆಳಗೆ ಮೂರು ಸಾಲು. ನಲವತ್ತೊಂದು, ಪುಟ್ಟಸಿದ್ದಯ್ಯನ ಹೆಸರು, 3.30. ನಲವತ್ತೆರಡು, ಸ್ವಾಮಿಯವರ ತಾತನ ಹೆಸರು, 7.35. ನಲವತ್ತಮೂರು, ಹಳ್ಳದ ಆಚೆ ಹೊಲ ಇರುವ ಪುಟ್ಟಮಲ್ಲಮ್ಮನ ಮಾವನ ಹೆಸರು. ಅಂಕಿಗಳ ಮೇಲಿನ ತಲೆಬರಹ ಓದಲು ನಟರಾಜು ಕನ್ನಡಕ ಒರೆಸಿಕೊಂಡ. ಅಲ್ಲಿ ಎಪ್ಪತ್ತು ವರ್ಷದ ಅರಿಶಿನ ನೆನೆದು ಒಣಗಿ ಕಾಗದವೇ ಪುಡಿಯಾಗಿತ್ತು.

"ಮೂರು ಮೂವತ್ತು ಅಂತ ಅದಾ ಇಲ್ವಾ?" ಎಂದ ಮಾದಯ್ಯ.

"ಅದೆ ಅಪ್ಪ."

"ಏಳು ಮೂವತ್ತೈದು ಅಂತ ನಮ್ಮದೂ ಇದೆಯಲ್ಲ" ಎಂದ ಗುರುಪ್ರಕಾಶ್, ಭುಜದ ಮೇಲಿಂದ ಬಗ್ಗಿ. "ಇನ್ನೇನು ಸಾರ್, ಅವರ ಕಾಗದವೇ ನಮಗೆ ಸಾಕ್ಷಿ. ಗೂಟ ಹೊಡೀರಿ."

ದೇವರಾಜು ಸುತ್ತಿಗೆ ಎತ್ತಿಕೊಂಡ. ನಟರಾಜು ಮೂರನೇ ಸಾಲಿನ ಮೇಲೆ ಬೆರಳಿಟ್ಟು ನಿಂತೇ ಇದ್ದ. ಅಲ್ಲಿದ್ದ ಅಂಕಿ 2.80.

"ಸಾರ್, ಒಂದು ನಿಮಿಷ. ಎಕರೆಗೆ ಎಷ್ಟು ಗುಂಟೆ?"

"ಇದೇನ್ ಸಾರ್, ನಲವತ್ತು."

"ಹಂಗಾದ್ರೆ ಎರಡು ಎಕರೆ ಎಂಬತ್ತು ಗುಂಟೆ ಅಂತ ಯಾರಾದ್ರೂ ಬರೀತಾರಾ?"

ದೇವರಾಜು ಬಗ್ಗಿ ನೋಡಿದ. ಸುತ್ತಿಗೆ ಕೆಳಗಿಟ್ಟ.

"ಇದು ಗುಂಟೆ ಅಲ್ಲ ಸಾರ್. ಸೆಂಟು" ಎಂದ ನಟರಾಜು.

"ಕೊಳ್ಳೇಗಾಲದ ಕಡೆ ಸೆಂಟು ಅಂತಾರೆ, ಕೇಳಿದೀನಿ. ಆದ್ರೆ ಇದು ಯಳಂದೂರು ತಾಲ್ಲೂಕು. ಇಲ್ಲಿಗೆ ಸೆಂಟು ಎಲ್ಲಿಂದ ಬಂತು? ಮತ್ತೆ ಮೇಲೆ ಕೊಯಮತ್ತೂರು ಅಂದ್ರಿ. ಕೊಯಮತ್ತೂರಿಗೂ ಇದಕ್ಕೂ ಏನ್ ಸಂಬಂಧ?"

ಇಪ್ಪತ್ತೊಂಬತ್ತು ವರ್ಷದಿಂದ ಹತ್ತನೇ ತರಗತಿಯ ಮಕ್ಕಳು ಕೇಳುತ್ತಿದ್ದ ಪ್ರಶ್ನೆ ಅದು. ನಟರಾಜುವಿಗೆ ಹೇಳಿ ಹೇಳಿ ಸಾಕಾಗಿತ್ತು. ಆದರೂ ಹಿಪ್ಪುನೇರಳೆಯ ಒಂದು ಕಡ್ಡಿ ಮುರಿದುಕೊಂಡು, ಮಂಡಿ ಹಿಡಿದು ಕುಕ್ಕರುಗಾಲಿನಲ್ಲಿ ಕೂತು, ನೆಲದ ಮೇಲೆ ಗೆರೆ ಎಳೆದ. ಬಲಕ್ಕೆ ಉದ್ದನೆಯ ಒಂದು ದಡ, ಎಡಕ್ಕೆ ಗಿಡ್ಡ ಒಂದು ದಡ.

"ಇದು ಮದ್ರಾಸ್ ಪ್ರಾಂತ್ಯ. ಈ ಕಡೆ ಬಂಗಾಳ ಕೊಲ್ಲಿ, ಈ ಕಡೆ ಅರಬ್ಬಿ ಸಮುದ್ರ. ಆಂಧ್ರದ ಕರಾವಳಿ, ತಮಿಳು ಕರಾವಳಿ, ಮಲಬಾರು, ನಮ್ಮ ಮಂಗಳೂರು, ಎಲ್ಲಾ ಒಂದೇ ಸರ್ಕಾರ. ರಾಜಧಾನಿ ಕಡಲ ದಂಡೆ ಮೇಲೆ."

"ಮೇಷ್ಟ್ರೇ, ಪಾಠ ಸ್ಕೂಲಲ್ಲಿ ಮಾಡಿ" ಎಂದ ಗುರುಪ್ರಕಾಶ್. "ನನಗೆ ಮಂಡಿಗೆ ಲಾರಿ ಬರೋದಿದೆ."

"ಮಾಡ್ಲಿ ಬುಡ್ಲಾ" ಎಂದರು ಸ್ವಾಮಿಯವರು. "ನೀನು ಆ ಪಾಠದಲ್ಲಿ ಫೇಲಾದೋನಲ್ವಾ, ಇನ್ನೊಂದ್ ಸಲ ಕೇಳು."

ನಟರಾಜು ಎರಡು ದಡಗಳ ನಡುವೆ, ಎರಡರಿಂದಲೂ ದೂರದಲ್ಲಿ ಒಂದು ಚುಕ್ಕೆ ಇಟ್ಟ. "ಇದು ಕೊಳ್ಳೇಗಾಲ. ಟಿಪ್ಪು ಸತ್ತ ವರ್ಷ ಇಂಗ್ಲಿಷರು ಮೈಸೂರಿಂದ ಬಿಡಿಸ್ಕೊಂಡು ಕೊಯಮತ್ತೂರಿಗೆ ಸೇರಿಸಿದ್ರು. ಯಳಂದೂರು ಮಾತ್ರ ಮೈಸೂರಿಗೇ ಉಳೀತು, ದಿವಾನರ ಜಹಗೀರು. ಸತ್ತೇಗಾಲದ ಸೇತುವೆ ಈಚೆಗೆ ಮದ್ರಾಸು, ಆಚೆಗೆ ಮೈಸೂರು. ನೂರೈವತ್ತು ವರ್ಷಕ್ಕೂ ಮಿಗಿಲು ಹಿಂಗೇ ಇತ್ತು. ಐವತ್ತಾರರ ನವೆಂಬರ್ ಒಂದನೇ ತಾರೀಕು ಕೊಳ್ಳೇಗಾಲ ವಾಪಸು ಬಂತು."

ಆ ಸರ್ಕಾರ ಬದುಕಿದ್ದುದು ಬಂದರಿನ ಸುಂಕ, ಉಪ್ಪಿನ ತೆರಿಗೆ, ಭೂಮಿಯ ಕಂದಾಯದ ಮೇಲೆ ಎಂದು ಅವನು ವಿವರಿಸಿದ. ಗೋದಾವರಿ, ಕೃಷ್ಣಾ, ಕಾವೇರಿಯ ಮುಖಜ ಭೂಮಿ ಬತ್ತ ಬೆಳೆದು ಕಂದಾಯ ಕಟ್ಟುತ್ತಿತ್ತು. ಹತ್ತಿ, ಕಡಲೆಕಾಯಿ, ಹದ ಮಾಡಿದ ತೊಗಲು ಹಡಗು ಏರುತ್ತಿದ್ದವು. ಘಟ್ಟದ ಮೇಲಿನ ಕೊಳ್ಳೇಗಾಲದಿಂದ ರೇಷ್ಮೆ, ಗಂಧದ ಮರ, ರಾಗಿ ಇಳಿಯುತ್ತಿತ್ತು, ಆದರೆ ಕಾವೇರಿಯ ಮುಖಜದ ಮುಂದೆ ಇದು ಲೆಕ್ಕಕ್ಕಿಲ್ಲದ ಒಣ ತಾಲ್ಲೂಕು. ಕಡಲಿನವರೆಗೆ ಹೋದ ರೈಲು ಇಲ್ಲಿಗೆ ಬರಲೇ ಇಲ್ಲ. ಆದರೂ ಲೆಕ್ಕ ಮಾತ್ರ ಇಡೀ ಪ್ರಾಂತ್ಯಕ್ಕೆ ಒಂದೇ. ಕಡಲ ದಂಡೆಯ ಗದ್ದೆಗೆ ಹಿಡಿದ ಅಳತೆಯನ್ನೇ ಈ ಕೊನೆಯ ಊರಿನ ಹೊಲಕ್ಕೂ ಹಿಡಿದರು. ಎಕರೆಗೆ ನೂರು ಸೆಂಟು.

"ಉಪ್ಪು ಬರ್ತಿತ್ತು" ಎಂದರು ಸ್ವಾಮಿಯವರು ಯಾರನ್ನೂ ನೋಡದೆ. "ಹಾಸನೂರು ಘಟ್ಟ ಹತ್ತಿ ಗಾಡಿ ಬರೋವು. ನಾವು ಹೈಕಳು. ಉಪ್ಪಿನ್ ಗಾಡಿ ಹಿಂದೆ ಒಣಮೀನಿನ್ ಗಾಡಿ. ನಮ್ಮವ್ವ ಕಿಟಕಿ ಬಾಗಿಲು ಮುಚ್ಚೋಳು ನಾತಕ್ಕೆ."

"ಆ ಗಾಡಿ ಹೊಡೀತಿದ್ದೋನು ನಮ್ಮಪ್ಪನೇ" ಎಂದ ಮಾದಯ್ಯ, ಅವನೂ ಯಾರನ್ನೂ ನೋಡದೆ. "ನಿಮಗೆ ನಾತ. ನಮಗೆ ಅದೇ ಹಬ್ಬ."

ಐವತ್ತೊಂದು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು. ಅದು ಅವರಿಬ್ಬರ ಗಮನಕ್ಕೂ ಬರಲಿಲ್ಲ.

ದೇವರಾಜು ಮೊಬೈಲಿನಲ್ಲಿ ಲೆಕ್ಕ ಹಾಕತೊಡಗಿದ್ದ. ಮೂವತ್ತು ಸೆಂಟು ಎಂದರೆ ಹನ್ನೆರಡು ಗುಂಟೆ. ಮೂವತ್ತೈದು ಸೆಂಟು ಎಂದರೆ ಹದಿನಾಲ್ಕು ಗುಂಟೆ. ಅವನು ಬೆಳಿಗ್ಗೆಯಿಂದ ಬಿಸಿಲಿನಲ್ಲಿ ನಿಂತು ಅಳೆದದ್ದೂ ಅಷ್ಟೇ: ಮೂರು ಎಕರೆ ಹನ್ನೆರಡು, ಏಳು ಎಕರೆ ಹದಿನಾಲ್ಕು. ಮತ್ತೆ ಫೋನಿನಲ್ಲೇ ನಲವತ್ತಮೂರನೇ ನಂಬರಿನ ಪಹಣಿ ತೆಗೆದು ನೋಡಿದ. ನಾಲ್ಕು ಎಕರೆ ಸೊನ್ನೆ ಗುಂಟೆ.

"ಅಯ್ಯೋ ಪುಣ್ಯಾತ್ಮ" ಎಂದ ದೇವರಾಜು. "ಎಂಬತ್ತು ಗುಂಟೆ ಅಂದ್ರೆ ಎರಡು ಎಕರೆ ಅಂತ ಕೂಡಿಸಿಬಿಟ್ಟವ್ನೆ."

ಆಗ ಎಲ್ಲರಿಗೂ ಅರ್ಥವಾಯಿತು. ಕೊಳ್ಳೇಗಾಲದ ಗಡಿಯ ಈ ಊರನ್ನು ಐವತ್ತಾರರ ನಂತರ ಪಕ್ಕದ ಯಳಂದೂರು ತಾಲ್ಲೂಕಿಗೆ ಸೇರಿಸಿದಾಗ ತಮಿಳು ಲೆಕ್ಕವನ್ನು ಕನ್ನಡದ ಪುಸ್ತಕಕ್ಕೆ ಇಳಿಸಬೇಕಾಗಿ ಬಂತು. ಯಾರು ಇಳಿಸಿದರೋ, ಎಲ್ಲಿ ಕೂತು ಇಳಿಸಿದರೋ ಈಗ ಹೇಳುವವರಿಲ್ಲ. ಗುಂಟೆ ಮಾತ್ರ ಬಲ್ಲ ಒಬ್ಬ ಗುಮಾಸ್ತ ಸೆಂಟಿನ ಅಂಕಿಗಳನ್ನು ಗುಂಟೆ ಎಂದು ಓದಿ, ಎಂಬತ್ತು ಬಂದಾಗ ಮಾತ್ರ ಶಿಸ್ತಾಗಿ ಎರಡು ಎಕರೆ ಮಾಡಿ ಬರೆದುಕೊಂಡ. ಅವನ ಲೇಖನಿಯಿಂದ ಊರಿನ ನೆಲ ಪುಸ್ತಕದಲ್ಲಿ ಬೆಳೆಯಿತು. ಕಲ್ಲುಗಳು ಇದ್ದಲ್ಲೇ ಇದ್ದವು.

ಗುರುಪ್ರಕಾಶ್ ಹೊಂಗೆಯ ಕಾಂಡಕ್ಕೆ ಒರಗಿದ. "ಅಂದ್ರೆ ನಮ್ಮ ಇಪ್ಪತ್ತೊಂದು ಗುಂಟೆ?"

"ಇರಲೇ ಇಲ್ಲ ಸಾರ್" ಎಂದ ದೇವರಾಜು. ಪಹಣಿ ತಿದ್ದುವುದು ತನ್ನ ಕೈಯಲ್ಲಿಲ್ಲ, ಅದಕ್ಕೆ ತಹಸೀಲ್ದಾರರ ಆದೇಶ ಬೇಕು ಎಂದ. ಆದರೆ ಇಂದಿನ ಅಳತೆಯನ್ನೂ ಈ ಕಾಗದವನ್ನೂ ಸೇರಿಸಿ ಮಹಜರು ಬರೆಯುವುದಾಗಿ ಹೇಳಿದ. ಹಳೆಯ ಕಲ್ಲೇ ಗಡಿ, ನಮ್ಮ ವಿಸ್ತೀರ್ಣ ಇಷ್ಟೇ ಎಂದು ಎರಡೂ ಖಾತೆದಾರರು ಒಪ್ಪಿ ಸಹಿ ಹಾಕಿದರೆ ಹುಳುಮನೆ ಇದ್ದಲ್ಲೇ ಇರುತ್ತದೆ. ಒಬ್ಬರು ಒಪ್ಪದಿದ್ದರೂ ಪಹಣಿಯಂತೆ ವರದಿ ಕೊಡುವುದಷ್ಟೇ ತನಗೆ ಉಳಿಯುವ ದಾರಿ, ಅಂದರೆ ಗೂಟ ಮೊದಲು ಹೇಳಿದ ಜಾಗಕ್ಕೇ ಬೀಳುತ್ತದೆ.

ಮಹಜರು ಬರೆದು ಮುಗಿದಾಗ ಮೂರು ಗಂಟೆ. ಸ್ವಾಮಿಯವರು ಮಗನ ಮುಖ ನೋಡಿದರು. ಗುರುಪ್ರಕಾಶ್ ತಲೆ ತಗ್ಗಿಸಿದ. ಅವರು ಪೆನ್ನು ಈಸಿಕೊಂಡು ಸಹಿ ಮಾಡಿದರು.

ಮಾದಯ್ಯ ಪೆನ್ನು ಮುಟ್ಟಲಿಲ್ಲ.

"ನಾ ಆಕಲ್ಲ. ನನ್ ಹದಿನೆಂಟು ಗುಂಟೆ ಎಲ್ಲಿ?"

"ಅಪ್ಪ, ಈಗ ಹೇಳಿದ್ದು ಕೇಳಿಸ್ತಲ್ಲ" ಎಂದ ನಟರಾಜು.

"ಕೇಳುಸ್ತು. ನಿನ್ ಪಾಠ ನಿನ್ ಹೈಕಳಿಗೆ. ಮೂರು ಮೂವತ್ತು ಅಂತ ಸರ್ಕಾರ ಬರ್ದದೆ. ಅದ ನಾನು ಬುಟ್ಕೊಟ್ಟೆ ಅಂತ ಹೆಬ್ಬೆಟ್ಟು ಒತ್ಲಾ? ಸಾಯೋ ಕಾಲ್ದಲ್ಲಿ?"

"ಅಪ್ಪೋ, ನನ್ ಹುಳುಮನೆ ಓಯ್ತದೆ" ಎಂದಳು ಪ್ರೇಮಾ.

"ಓದ್ರೆ ಓಗ್ಲಿ! ಇನ್ನೊಂದ್ ಕಟ್ಟುಸ್ತೀನಿ, ಹದಿನೆಂಟು ಗುಂಟೇಲಿ!"

"ಎಲ್ಲಿ ಕಟ್ಟುಸ್ತೀ? ಕಾಗದದ ಮ್ಯಾಲಾ?"

ಮುದುಕ ಬಾಯಿ ಮುಚ್ಚಿಕೊ ಎಂದು ಕೈ ಎತ್ತಿದ. ಪ್ರೇಮಾ ಮುಚ್ಚಿಕೊಳ್ಳಲಿಲ್ಲ, ಆದರೆ ಹುಳುವಿಗೆ ಮೂರು ಗಂಟೆಯ ಸೊಪ್ಪು ಹಾಕುವ ಹೊತ್ತಾಗಿತ್ತು. ಕಣ್ಣೊರೆಸಿಕೊಂಡು, ಸುಣ್ಣದ ಪುಡಿ ತುಳಿದು ಒಳಗೆ ಹೋದಳು. ದೇವರಾಜು ಗಡಿಯಾರ ನೋಡಿಕೊಂಡ. ನಾಲ್ಕಕ್ಕೆ ಅವನಿಗೆ ಬೇರೆ ಊರಿನಲ್ಲಿ ಇನ್ನೊಂದು ಅಳತೆ ಇತ್ತು.

ನಟರಾಜು ಅಪ್ಪನ ಪಕ್ಕ ನೆಲದ ಮೇಲೆ ಕೂತ. ಅವನಲ್ಲಿ ವಾದ ಮಾಡುವ ಕಸುವು ಉಳಿದಿರಲಿಲ್ಲ. ಮೊದಲೇ ಆ ಕಾಗದವನ್ನು ಕಸಿದುಕೊಂಡು ಓದಿದ್ದರೆ ಎಂದು ಒಂದು ಸಲ ಅನ್ನಿಸಿತು. ಓದಿದ್ದರೂ ಅಪ್ಪ ನಂಬುತ್ತಿರಲಿಲ್ಲ ಎಂದೂ ಅನ್ನಿಸಿತು.

"ಅಪ್ಪ, ತಾತ ಈ ಹೊಲ ಅಳಸ್ಕೊಂಡಾಗ ನೀನು ಇದ್ಯಾ?"

"ಇದ್ದೆ. ಆರೇಳು ವರ್ಷ ನಂಗೆ. ಸರಪಳಿ ತಂದಿದ್ರು, ಕಬ್ಬಿಣದ್ದು. ನಾನು ಅದ್ರ ತುದಿ ಹಿಡ್ಕಂಡು ಓಡ್ತಿದ್ದೆ. ಸಾಯಂಕಾಲ ಕಲ್ಲು ನೆಟ್ರು. ನಮ್ಮಪ್ಪ ಒಂದೊಂದ್ ಕಲ್ಲಿಗೂ ನೀರು ಹುಯ್ದ."

"ಆ ಕಲ್ಲು ಇವತ್ತು ಸಿಕ್ಕವಲ್ಲ ಐದು. ಅವೇನಾ?"

ಮಾದಯ್ಯ ಕಳ್ಳಿಯ ಬೇಲಿಯ ಬುಡದಿಂದ ಬಗೆದ ಕಲ್ಲಿನ ಕಡೆಗೆ ಮುಖ ತಿರುಗಿಸಿದ. ಅವನ ಕಣ್ಣಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ. ಎದ್ದು, ತಡವರಿಸುತ್ತ ಹೋಗಿ, ಕೂತು, ಕಲ್ಲಿನ ತಲೆಯ ಮೇಲೆ ಕೈಯಾಡಿಸಿದ. ಉಳಿಯಲ್ಲಿ ಕೊರೆದ ಗುರುತು ಬೆರಳಿಗೆ ಸಿಕ್ಕಿತು.

"ಅವೇ" ಎಂದ. "ಇದು ಅಳ್ಳಾಡಿಲ್ಲ."

"ಅಂದ್ಮೇಲೆ ತಾತ ನೀರು ಹುಯ್ದ ನೆಲದಲ್ಲಿ ಒಂದಡೀನೂ ಎಲ್ಲೂ ಹೋಗಿಲ್ಲ ಅಪ್ಪ."

"ಅಂಗಾರೆ ಇವ್ರು ಕದ್ದಿಲ್ವಾ?"

"ಇಲ್ಲ."

"ಇವ್ರಪ್ಪಾನೂ?"

"ಯಾರೂ ಕದ್ದಿಲ್ಲ."

ಮುದುಕ ನೆರಳಿನ ಕಡೆ ತಿರುಗಿ ಮೊದಲ ಬಾರಿಗೆ ಸ್ವಾಮಿಯವರನ್ನು ನೇರವಾಗಿ ಮಾತಾಡಿಸಿದ. "ಸ್ವಾಮ್ಯೋರೇ, ಐವತ್ತು ವರ್ಷ ನಿಮ್ಮ ಮನೆ ಮುಂದೆ ಉಗುದ್ನಲ್ಲ ನಾನು."

"ನೋಡ್ತಿದ್ದೆ ಕಣೋ ಮಾದಯ್ಯ. ದಿನಾ ನಮ್ಮನೆ ಹೆಂಗಸ್ರು ನೀರು ಹಾಕಿ ತೊಳೀತಿದ್ರು. ನಿನ್ ಗದ್ದೆ ನೀರು ಕಟ್ಟಿದ್ದು ನಾನೇ. ಉಗೀತಾನೆ ಅಂತ."

"ಬತ್ತ ಒಣಗೋಯ್ತು, ಎಂಬತ್ತೇಳನೇ ಇಸ್ವೀಲಿ."

"ಗೊತ್ತು."

ಕ್ಷಮೆ ಕೇಳುವುದು ಇಬ್ಬರಿಗೂ ಗೊತ್ತಿರಲಿಲ್ಲ, ಮತ್ತು ಯಾರು ಯಾರಿಗೆ ಕೇಳಬೇಕು ಎಂಬುದೂ ಸ್ಪಷ್ಟವಿರಲಿಲ್ಲ. ಮಾದಯ್ಯ ಮೊಣಕಾಲಿಗೆ ಕೈಯೂರಿ ಎದ್ದ.

"ಹೆಬ್ಬೆಟ್ಟು ಒತ್ತಲ್ಲ" ಎಂದ.

ದೇವರಾಜು ನಿಟ್ಟುಸಿರು ಬಿಟ್ಟು ಗೂಟದ ಕಡೆ ನೋಡಿದ.

"ಸಯ್ನು ಆಕ್ತೀನಿ. ರಾತ್ರಿ ಇಸ್ಕೂಲಲ್ಲಿ ಕಲ್ತಿವ್ನಿ. ಎಲ್ಲಿ ಆಕ್ಬೇಕು, ಬೊಟ್ಟು ತೋರ್ಸು."

ನಟರಾಜು ಅಪ್ಪನ ಬೆರಳನ್ನು ಜಾಗಕ್ಕೆ ತಂದು ಇಟ್ಟ. ಐದು ಅಕ್ಷರ ಬರೆಯಲು ಮುದುಕನಿಗೆ ನಾಲ್ಕು ನಿಮಿಷ ಹಿಡಿಯಿತು. ಒತ್ತು ಕೊಡುವಾಗ ಒಂದು ಸಲ ಪೆನ್ನು ಕಾಗದವನ್ನು ತೂರಿತು. ದೇವರಾಜು ಅವಸರ ಮಾಡಲಿಲ್ಲ. ಸಹಿಯಾದ ಮೇಲೆ ಮದ್ರಾಸಿನ ಕಾಗದದ ಫೋಟೋ ತೆಗೆದುಕೊಂಡ, ನಕಲು ಮಾಡಿಸಲು ಮೂಲವನ್ನು ಎರಡು ದಿನ ಕೊಡಿ ಎಂದ. ಮಾದಯ್ಯ ಕೊಡಲಿಲ್ಲ. ನಟರಾಜುವೇ ಅದನ್ನು ಶನಿವಾರ ಕಚೇರಿಗೆ ತರುವುದೆಂದು ತೀರ್ಮಾನವಾಯಿತು.

ಗುರುಪ್ರಕಾಶ್ ಅಪ್ಪನನ್ನು ಕಾರಿಗೆ ಹತ್ತಿಸಿದ. ಬಾಗಿಲು ಹಾಕುವ ಮುಂಚೆ ನಟರಾಜುವಿನ ಕಡೆ ತಿರುಗಿ, "ಇದೊಂದು ಹಾಳೆಯಲ್ಲಿ ಮೂರು ನಂಬರು ಇತ್ತು ಮೇಷ್ಟ್ರೇ. ಊರಲ್ಲಿ ನೂರಾ ಹದಿನಾರು ನಂಬರು ಇವೆ" ಎಂದ.

"ಗೊತ್ತು" ಎಂದ ನಟರಾಜು. ಅವನು ಅದನ್ನೇ ಯೋಚಿಸುತ್ತಿದ್ದ.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಮುದ್ದನಪಾಳ್ಯದ ಮೂವತ್ತೆಂಟು ಮಂದಿ ತಮ್ಮ ಜಮೀನೂ ಪಹಣಿಯಷ್ಟಿದೆಯೇ ಎಂದು ಅಳೆದುಕೊಡುವಂತೆ ಅರ್ಜಿ ಹಾಕಿದರು.